ವಾಸನೆ ಕಾಳಿಗೊಂದು ಬೆಚ್ಚನೆ ಪೆಟ್ಟಿಗೆ: ಮನೆಯಲ್ಲೇ ನಾಟೊ ಮತ್ತು ಅಖುನಿ

ಬೆಂದ ಸೋಯಾ ಕಾಳನ್ನು ಒಂದು ದಿನ ಬೆಚ್ಚಗೆ ಇಟ್ಟರೆ, ಸರಿಯಾದ ಬ್ಯಾಕ್ಟೀರಿಯಾ ಸಿಕ್ಕಿದರೆ, ಅದು ಅಂಟಂಟಾಗುತ್ತದೆ. ಚಮಚ ಎತ್ತಿದರೆ ನೂಲು ಬರುತ್ತದೆ. ಮೂಗಿಗೆ ಬಡಿಯುವ ಒಂದು ವಾಸನೆಯೂ ಬರುತ್ತದೆ. ಜಪಾನಿನಲ್ಲಿ ಇದನ್ನು ನಾಟೊ ಅಂತಾರೆ. ನಾಗಾಲ್ಯಾಂಡಿನ ಸುಮಿ ಜನ ಇದೇ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಅಖುನಿ ಮಾಡುತ್ತಾರೆ. ಮಣಿಪುರದ ಹವಾಯ್‌ಜಾರ್, ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಕಡೆಯ ಕಿನೆಮಾ, ಮೇಘಾಲಯದ ತುಂಗ್ರಿಂಬಾಯ್, ಮಿಜೋರಾಮಿನ ಬೆಕಾಂಗ್, ಎಲ್ಲವೂ ಒಂದೇ ಬಳಗ. ಎಲ್ಲದರ ಹಿಂದೆಯೂ ಕೆಲಸ ಮಾಡುವುದು ಮುಖ್ಯವಾಗಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ.

ಇವನ್ನೆಲ್ಲ ತಿನ್ನುವುದು ನನಗೆ ಬಹಳ ಇಷ್ಟ. ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತವೆ ಕೂಡ. ಆದರೆ ಹೊಸ ರುಚಿಯನ್ನು ಹೋಟೆಲಿನಲ್ಲಿ ಒಂದು ತುತ್ತು ತಿಂದು ಬರುವುದು ಬೇರೆ, ಅದು ನಮ್ಮ ಮನೆಯ ಮೂಲೆಯಲ್ಲಿ ಗಂಟೆಗಂಟೆಗೆ ಬದಲಾಗುವುದನ್ನು ನೋಡುವುದೇ ಬೇರೆ. ಎರಡನೆಯದರಲ್ಲಿ ವಾಸನೆಗೆ ಹೆದರುವುದು ತಾನಾಗಿ ನಿಲ್ಲುತ್ತದೆ. ಯಾವ ವಾಸನೆ ಯಾಕೆ ಬಂತು ಅಂತ ಗೊತ್ತಾಗುತ್ತದಲ್ಲ! ಅದಕ್ಕೇ ಈ ಪೆಟ್ಟಿಗೆ ಕಟ್ಟಿದೆ. ಕಟ್ಟಿದ್ದು ಹೇಗೆ, ಎಲ್ಲಿ ತೊಡಕಾಯಿತು, ಒಳಗೆ ಏನೇನು ಬೆಳೆಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಪೆಟ್ಟಿಗೆ

ಬೇಕಾದದ್ದು ಒಂದೇ: 40 ಡಿಗ್ರಿ ಶಾಖ, ಒಂದು ಹಗಲು ಒಂದು ರಾತ್ರಿ, ಏರಿಳಿತ ಇಲ್ಲದೆ. ಬೆಂಗಳೂರಿನ ಬೇಸಿಗೆಯಲ್ಲೂ ಅಡುಗೆಮನೆ ಅಷ್ಟು ಬಿಸಿ ಇರುವುದಿಲ್ಲ. ನಾಗಾ ಮನೆಗಳಲ್ಲಿ ಬುಟ್ಟಿಯನ್ನು ಒಲೆಯ ಪಕ್ಕ ಇಡುತ್ತಾರೆ. ದಿನವಿಡೀ ಉರಿಯುವ ಒಲೆ ನಮ್ಮ ಮನೆಗಳಲ್ಲಿ ಈಗ ಎಲ್ಲಿದೆ?

ಮೀನಿನ ಅಂಗಡಿಯಲ್ಲಿ ಐಸ್ ಹಾಕಿ ಮೀನು ತರಿಸುವ ದಪ್ಪ ಥರ್ಮೋಕೋಲ್ ಡಬ್ಬ ಸಿಗುತ್ತದೆ. ಅದನ್ನೇ ತಂದೆ. ಸೋಪಿನ ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಇಟ್ಟೆ. ಮೀನಿನ ವಾಸನೆ ಹೋಗುವ ತನಕ ಮುಂದಿನ ಕೆಲಸ ಬೇಡ. ಇದು ನಾಜೂಕಿನ ಮಾತಲ್ಲ. ಒಳಗೆ ಬೇರೆ ವಾಸನೆ ಇದ್ದರೆ ಕಾಳು ಏನು ಹೇಳುತ್ತಿದೆ ಅಂತ ಮೂಗಿಗೆ ತಿಳಿಯುವುದಿಲ್ಲ.

ಶಾಖಕ್ಕೆ 40 ವ್ಯಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬು. ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಕೊಡುವ ಶಾಖ ತೀರಾ ಕಡಿಮೆ. ಥರ್ಮೋಕೋಲ್ ಶಾಖಕ್ಕೆ ಮೆತ್ತಗಾಗುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಹಾಗಾಗಿ ಬಲ್ಬು ಯಾವ ಕಾರಣಕ್ಕೂ ಗೋಡೆಗೆ ತಾಗಬಾರದು. ಡಬ್ಬದ ತಳಕ್ಕೆ ಒಂದು ಟೈಲ್ಸ್ ಹಾಕಿ, ಅದರ ಮೇಲೆ ಬ್ಯಾಟನ್ ಹೋಲ್ಡರ್ ಕೂರಿಸಿದೆ. ಬಲ್ಬಿನ ಮೇಲೆ ಹಾಲಿನ ಪುಡಿಯ ತಗಡಿನ ಡಬ್ಬ ಬೋರಲು ಹಾಕಿದೆ. ಅದರ ಸುತ್ತ ಮೊಳೆಯಿಂದ ತೂತು ಹೊಡೆದದ್ದು ಬಿಸಿಗಾಳಿ ಹೊರಗೆ ಬರಲಿ ಅಂತ. ಈ ತಗಡಿನಿಂದ ಇನ್ನೂ ಒಂದು ಲಾಭ ಇದೆ. ಮುಚ್ಚಳದಿಂದ ಜಿನುಗುವ ಆವಿಯ ಹನಿ ಬಿಸಿ ಗಾಜಿನ ಮೇಲೆ ಬಿದ್ದು ಬಲ್ಬು ಒಡೆಯುವುದಿಲ್ಲ. ಎರಡು ಪಕ್ಕದಲ್ಲಿ ಇಟ್ಟಿಗೆ, ಇಟ್ಟಿಗೆ ಮೇಲೆ ಸ್ಟೀಲಿನ ಜಾಲರಿ. ಕಾಳಿನ ತಟ್ಟೆ ಕೂರುವುದು ಈ ಜಾಲರಿ ಮೇಲೆ.

ಶಾಖ ಹಿಡಿದಿಡಲು ಎಸ್‌ಟಿಸಿ-1000 ಎಂಬ ಕಂಟ್ರೋಲರ್. ಎಸ್.ಪಿ. ರಸ್ತೆಯಲ್ಲಿ ಕೇಳಿದಾಗ ಅಂಗಡಿಯವರು ನಗುತ್ತಾ "ಏನ್ ಸಾರ್, ಮೊಟ್ಟೆ ಮರಿ ಮಾಡ್ತೀರಾ?" ಅಂದರು. ಕೋಳಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೂ ಇಂಥದ್ದನ್ನೇ ಹಾಕುತ್ತಾರೆ. ಕಾಳಿಗೆ ಅಂದಾಗ ಅವರಿಗೆ ಕುತೂಹಲ ಜಾಸ್ತಿಯೇ ಆಯಿತು. ಮೊಳಕೆ ಕಟ್ಟೋಕಾ ಅಂದರು. ಇಲ್ಲ, ಕೊಳೆಸೋಕೆ ಅಂದೆ. ಆಮೇಲೆ ಅಲ್ಲೇ ನಿಂತು ಒಂದಿಷ್ಟು ಹೊತ್ತು ಇಡ್ಲಿ ಹಿಟ್ಟಿನ ಮಾತಾಡಿದೆವು.

ವೈರಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದರ ಹಿಂಭಾಗದಲ್ಲಿ ಎಂಟು ಸ್ಕ್ರೂ ಇವೆ. 1 ಮತ್ತು 2 ಕರೆಂಟಿಗೆ, 3 ಮತ್ತು 4 ಸೆನ್ಸರಿಗೆ, 5 ಮತ್ತು 6 ಬಿಸಿ ಮಾಡುವುದಕ್ಕೆ, 7 ಮತ್ತು 8 ತಂಪು ಮಾಡುವುದಕ್ಕೆ. 5 ಮತ್ತು 6ರಿಂದ ಕರೆಂಟು ಹೊರಗೆ ಬರುತ್ತದೆ ಅಂತ ಬಹಳ ಜನ ತಿಳಿದುಕೊಳ್ಳುತ್ತಾರೆ. ಬರುವುದಿಲ್ಲ. ಅದು ಬರೀ ಸ್ವಿಚ್ಚು. 1ಕ್ಕೆ ಬಂದ ಫೇಸ್ ವೈರಿನಿಂದ ಒಂದು ತುಂಡು 5ಕ್ಕೆ ಎಳೆಯಬೇಕು. 6ರಿಂದ ಬಲ್ಬಿಗೆ, ಬಲ್ಬಿನ ಇನ್ನೊಂದು ತುದಿಯಿಂದ ನ್ಯೂಟ್ರಲಿಗೆ. ಕಂಪನಿ ಬದಲಾದರೆ ಸ್ಕ್ರೂ ಜೋಡಣೆಯೂ ಬದಲಾಗಬಹುದು, ಮೈಮೇಲಿನ ಚೀಟಿ ನೋಡಿಕೊಂಡೇ ಕೈ ಹಾಕಿ. ಮೂರು ಪಿನ್ನಿನ ಪ್ಲಗ್ಗೇ ಬೇಕು. ಜಾಲರಿ ಮತ್ತು ತಗಡಿನ ಡಬ್ಬ ಎರಡಕ್ಕೂ ಅರ್ಥ್ ವೈರ್ ಕಟ್ಟಿ, ಆವಿ ತುಂಬಿದ ಪೆಟ್ಟಿಗೆ ಇದು. ಕಂಟ್ರೋಲರ್ ಪೆಟ್ಟಿಗೆಯ ಹೊರಗೇ ಇರಲಿ. ವೈರಿಂಗ್ ಗೊತ್ತಿಲ್ಲದವರು ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟುಬಿಡುವುದು ಒಳ್ಳೆಯದು, ಅರ್ಧ ಗಂಟೆಯ ಕೆಲಸ.

ಸೆನ್ಸರ್ ಸರಿ ಇದೆಯೋ ಇಲ್ಲವೋ ನೋಡಲು ಮನೆಯಲ್ಲೇ ದಾರಿ ಇದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ 40 ಡಿಗ್ರಿ ಸುತ್ತಮುತ್ತ ಚೆನ್ನಾಗಿ ಓದುತ್ತದೆ. ನಮಗೆ ಬೇಕಾದದ್ದೂ ಅದೇ ಜಾಗ ಅಲ್ವಾ? ಲೋಟದಲ್ಲಿ ಬಿಸಿನೀರು ಹಾಕಿ, ಎರಡನ್ನೂ ಒಟ್ಟಿಗೆ ಅದ್ದಿದೆ. ನನ್ನ ಸೆನ್ಸರ್ ಸ್ವಲ್ಪ ಕಡಿಮೆ ತೋರಿಸುತ್ತಿತ್ತು. ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಎಫ್4ಕ್ಕೆ ಹೋಗಿ ಅಷ್ಟನ್ನು ಸೇರಿಸಿದರೆ ಸರಿಹೋಗುತ್ತದೆ. ಎಫ್1ರಲ್ಲಿ 40 ಇಟ್ಟೆ. ಎಫ್2ರಲ್ಲಿ 1 ಇಟ್ಟೆ, ಅಂದರೆ 39ಕ್ಕೆ ಇಳಿದಾಗ ಬಲ್ಬು ಹತ್ತಬೇಕು, 40ಕ್ಕೆ ಆರಬೇಕು. ಇದನ್ನು ಅರ್ಧ ಡಿಗ್ರಿಗೇ ಬಿಟ್ಟರೆ ಬಲ್ಬು ಸುಮ್ನೆ ಟಕಟಕ ಹತ್ತಿ ಆರುತ್ತಿರುತ್ತದೆ.

ಖಾಲಿ ಪೆಟ್ಟಿಗೆ ಓಡಿಸಿದಾಗ ಇನ್ನೊಂದು ವಿಷಯ ಕಂಡಿತು. ಸೆನ್ಸರ್ 40 ಅನ್ನುವಾಗ ಮುಚ್ಚಳದ ಹತ್ತಿರ 45, ತಳದ ಮೂಲೆಯಲ್ಲಿ 35. ಬಿಸಿಗಾಳಿ ಮೇಲೆ ಹೋಗಿ ಕೂತುಬಿಡುತ್ತದೆ. ಇಷ್ಟು ವ್ಯತ್ಯಾಸ ಇದ್ದರೆ ತಟ್ಟೆಯ ಒಂದು ಕಡೆ ನಾಟೊ, ಇನ್ನೊಂದು ಕಡೆ ಬರೀ ಬೆಂದ ಕಾಳು. ಹಳೇ ಕಂಪ್ಯೂಟರಿನ ಸಣ್ಣ ಫ್ಯಾನು ಇತ್ತು, ಹಳೇ ರೂಟರಿನ 12 ವೋಲ್ಟ್ ಅಡಾಪ್ಟರ್ ಕೂಡ ಇತ್ತು. ಅವೆರಡನ್ನೂ ಜೋಡಿಸಿ ಫ್ಯಾನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಕಾಳಿನ ಮೇಲೆ ನೇರ ಗಾಳಿ ಬಿದ್ದರೆ ಒಣಗುತ್ತದೆ. ಈಗ ಮೇಲಿಗೂ ಕೆಳಗಿಗೂ ಒಂದೇ ಡಿಗ್ರಿ ವ್ಯತ್ಯಾಸ. ಮುಚ್ಚಳಕ್ಕೆ ಪೆನ್ಸಿಲ್ ಗಾತ್ರದ ನಾಲ್ಕು ತೂತು. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕೇ ಬೇಕು.

ಕಾಳು

ಸೋಯಾ ನಮ್ಮಲ್ಲಿ ಬೀದರ್, ಬೆಳಗಾವಿ, ಧಾರವಾಡ ಕಡೆ ಚೆನ್ನಾಗಿ ಬೆಳೆಯುತ್ತಾರೆ. ಎಣ್ಣೆಗೆ ಮತ್ತು ಹಿಂಡಿಗೆ ಹೋಗುವುದೇ ಹೆಚ್ಚು. ಕಾಳಾಗಿ ಬೇಯಿಸಿ ತಿನ್ನುವ ಮನೆ ಕಡಿಮೆ. ಅಂಗಡಿಯಲ್ಲಿ ಆದಷ್ಟು ಸಣ್ಣ ಕಾಳು ನೋಡಿ ಆರಿಸಿ. ಜಪಾನಿನವರೂ ನಾಟೊಗೆ ಸಣ್ಣದನ್ನೇ ಇಷ್ಟಪಡುತ್ತಾರೆ. ಕಾಳು ಸಣ್ಣದಾದಷ್ಟೂ ಬ್ಯಾಕ್ಟೀರಿಯಾ ಹಬ್ಬಲು ಮೈ ಜಾಸ್ತಿ.

ಅರ್ಧ ಕಿಲೋ ಕಾಳು ರಾತ್ರಿಯಿಡೀ ನೆನೆಯಲಿ. ಚಳಿಗಾಲದಲ್ಲಿ ಇನ್ನೂ ಆರು ಗಂಟೆ ಬಿಡಬೇಕು. ಒಂದು ಕಾಳನ್ನು ಇಬ್ಬಾಗ ಮಾಡಿ ನೋಡಿದರೆ ಮಧ್ಯದಲ್ಲಿ ಒಣಗಿದ ಗುಳಿ ಕಾಣಬಾರದು. ನೆನೆದ ಮೇಲೆ ತೂಕ ಎರಡರಷ್ಟಕ್ಕೂ ಹೆಚ್ಚಾಗುತ್ತದೆ.

ಸೋಯಾವನ್ನು ಕುಕ್ಕರಿನ ನೀರಿಗೇ ಹಾಕಿ ಕೂಗಿಸಬೇಡಿ. ನೊರೆ ಉಕ್ಕುತ್ತದೆ. ಸಿಪ್ಪೆ ಎದ್ದು ವಿಸಿಲ್ ತೂತಿಗೆ ಸಿಕ್ಕಿಕೊಂಡರೆ ಅಪಾಯ. ಕುಕ್ಕರಿನ ತಳದಲ್ಲಿ ನೀರು, ಮೇಲೆ ಪಾತ್ರೆಯಲ್ಲಿ ನೀರಿಲ್ಲದ ಕಾಳು, ಅನ್ನಕ್ಕೆ ಇಡುವ ಹಾಗೆ ಇಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಹಬೆಯಲ್ಲಿ ಬೆಂದರೆ ಸಿಹಿಯೂ ಕಾಳಿನಲ್ಲೇ ಉಳಿಯುತ್ತದೆ. ಹೆಬ್ಬೆರಳು ಮತ್ತು ಕಿರುಬೆರಳ ಮಧ್ಯೆ ಒತ್ತಿದರೆ ಅಪ್ಪಚ್ಚಿಯಾಗಬೇಕು. ಕಿರುಬೆರಳಿಗೆ ಬಲ ಕಡಿಮೆ, ಅದಕ್ಕೇ ಅದು ಒಳ್ಳೆಯ ಅಳತೆ.

ಇನ್ನು ಹೆಪ್ಪು. ಹಳೇ ಕಾಲದಲ್ಲಿ ಜಪಾನಿನ ರೈತರು ಬೆಂದ ಕಾಳನ್ನು ಭತ್ತದ ಹುಲ್ಲಿನಲ್ಲಿ ಕಟ್ಟಿಡುತ್ತಿದ್ದರು. ಹುಲ್ಲನ್ನು ಕುದಿಸಿದರೆ ಬೇರೆ ಬಹಳಷ್ಟು ಕ್ರಿಮಿ ಸಾಯುತ್ತವೆ. ಬ್ಯಾಸಿಲಸ್ಸಿನ ಬೀಜಾಣು ಕುದಿಯುವ ನೀರಿಗೂ ಬಗ್ಗುವುದಿಲ್ಲ. ಹಾಗೆ ಬದುಕಿದ್ದು ಕಾಳಿಗೆ ಹಬ್ಬುತ್ತಿತ್ತು. ಮಂಡ್ಯದ ಹುಲ್ಲಿನಲ್ಲೂ ಅದು ಇದ್ದೇ ಇರುತ್ತದೆ. ಆದರೆ ಕುದಿಗೆ ಬಗ್ಗದ ಕೆಟ್ಟ ಬೀಜಾಣುಗಳೂ ಇವೆ. ಹುಲ್ಲು, ಎಲೆ ನಂಬಿ ಹೆಪ್ಪು ಹಾಕುವುದು ತಲೆಮಾರುಗಳಿಂದ ಕೈ ಪಳಗಿದವರ ವಿದ್ಯೆ. ಹೊಸಬರು ತಯಾರು ಹೆಪ್ಪಿನಿಂದ ಶುರು ಮಾಡುವುದೇ ಸರಿ. ನಾನು ಅಂಗಡಿಯ ಫ್ರೋಜನ್ ನಾಟೊ ಪೊಟ್ಟಣದಿಂದ ಒಂದು ಚಮಚ ತೆಗೆದು, ಕುದಿಸಿ ಸ್ವಲ್ಪ ಆರಿಸಿದ ನೀರಿನಲ್ಲಿ ಕದಡಿದೆ.

ಮೊಸರಿಗೆ ಹೆಪ್ಪು ಹಾಕಲು ಹಾಲು ಉಗುರು ಬೆಚ್ಚಗಾಗಲಿ ಅಂತ ಕಾಯುತ್ತೇವೆ. ಇಲ್ಲಿ ಅದು ಉಲ್ಟಾ. ಕಾಳು ಸುಡುಸುಡು ಇರುವಾಗಲೇ ಹೆಪ್ಪು ಹಾಕಬೇಕು. 80 ಡಿಗ್ರಿ ಇದ್ದರೂ ಬೀಜಾಣು ಉಳಿಯುತ್ತದೆ. ಆ ಬಿಸಿಯೇ ಅದನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಗಾಳಿಯಿಂದ ಬಂದು ಕೂರುವ ಬೇರೆ ಕ್ರಿಮಿಗೆ ಅಲ್ಲಿ ಜಾಗವಿಲ್ಲ. ಚಮಚ, ತಟ್ಟೆ, ಬಟ್ಟೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ಅದ್ದಿ ತೆಗೆದಿರಬೇಕು.

ತಟ್ಟೆಯಲ್ಲಿ ಎರಡು ಬೆರಳಿನಷ್ಟೇ ದಪ್ಪಕ್ಕೆ ಹರಡಿದೆ. ಮೇಲೆ ತೆಳು ಮಲ್ ಬಟ್ಟೆ. ಸೆನ್ಸರನ್ನು ಕಾಳಿನ ಒಳಗೇ ಹೂತೆ. ಉಳಿದ ಮುಕ್ಕಾಲು ಪಾವು ಕಾಳಿಗೂ ಅದೇ ಹೆಪ್ಪು ಬೆರೆಸಿ, ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ ಪಕ್ಕದಲ್ಲಿಟ್ಟೆ. ಅದು ಅಖುನಿಯದು.

ಮೊದಲ ಇಪ್ಪತ್ನಾಲ್ಕು ಗಂಟೆ

ನಾಲ್ಕು ಗಂಟೆ ಏನೂ ಇಲ್ಲ. ಬೆಂದ ಕಾಳಿನ ವಾಸನೆ, ಅಷ್ಟೇ. ಎಂಟು ಗಂಟೆಯ ಹೊತ್ತಿಗೆ ಹುರಿದ ಕಾಳಿನಂಥ, ಕೊಕೊ ಕಡೆಗೆ ವಾಲುವ ಸುವಾಸನೆ. ಪೈರಜೀನ್ ಎಂಬ ವಸ್ತುಗಳ ಕೆಲಸ ಇದು. ಕಾಫಿ ಬೀಜ ಹುರಿದಾಗಲೂ ಅದೇ ಜಾತಿಯವು ಬರುತ್ತವೆ.

ಹತ್ತನೇ ಗಂಟೆಯಿಂದ ತಮಾಷೆ ಶುರು. ಬಲ್ಬು ಹತ್ತುವುದೇ ನಿಂತಿತು, ಆದರೂ ಕಾಳಿನ ಶಾಖ ಏರುತ್ತಿತ್ತು. 41, 42, 43. ಪೆಟ್ಟಿಗೆ ಕೆಟ್ಟಿಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ತಿನ್ನುತ್ತಾ ತಾವೇ ಶಾಖ ಹೊರಹಾಕುತ್ತಿವೆ! ನನಗಂತೂ ಇದು ಇಡೀ ಕೆಲಸದ ಅತಿ ಸಂತೋಷದ ಹೊತ್ತು. ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿದ್ದರೆ ಇದು ಕಾಣುವುದೇ ಇಲ್ಲ. 45 ದಾಟಲು ಬಿಡಬಾರದು, ಅಮೋನಿಯಾ ಘಾಟು ಜಾಸ್ತಿಯಾಗುತ್ತದೆ. ಮುಚ್ಚಳವನ್ನು ಒಂದು ಬೆರಳು ಸರಿಸಿಟ್ಟರೆ ಕಾಲು ಗಂಟೆಯಲ್ಲಿ ಇಳಿಯುತ್ತದೆ. ನಡುರಾತ್ರಿ ಕರೆಂಟು ಹೋದಾಗಲೂ ಚಿಂತೆಯಾಗಲಿಲ್ಲ. ಕಾಳು ತನ್ನ ಬಿಸಿಯಲ್ಲೇ ನಡೆದುಕೊಂಡಿತು. ಶುರುವಿನ ಗಂಟೆಗಳಲ್ಲಿ ಹೋದರೆ ಬಿಸಿನೀರಿನ ಬಾಟಲಿ ಇಡಬೇಕು.

ಅಷ್ಟರಲ್ಲಿ ಅಮ್ಮ ಎದ್ದು ಬಂದರು. "ಏನೋ ಇದು, ಸಾಕ್ಸ್ ಬೇಯಿಸ್ತಿದ್ದೀಯಾ?" ಅಂದರು. ಅಮ್ಮನ ಮೂಗು ನೂರಕ್ಕೆ ನೂರು ಸರಿ. ಐಸೊವ್ಯಾಲರಿಕ್ ಆಮ್ಲ ಅಂತ ಒಂದಿದೆ. ಬೆವರಿದ ಕಾಲಿನಲ್ಲೂ ಅದೇ, ಹಳೇ ಚೀಸಿನಲ್ಲೂ ಅದೇ, ನಾಟೊದಲ್ಲೂ ಅದೇ. ಹೇಳಿದ ಮೇಲೆ ಅವರು ಇನ್ನೊಂದು ಸಲ ಮೂಸಿದರು. "ಹಿಂದೆ ಹುರಿದ ಕಡಲೆ ವಾಸನೆಯೂ ಇದೆ ನೋಡು" ಅಂದರು. ಅದನ್ನು ನಾನು ಹೇಳಿರಲೇ ಇಲ್ಲ.

ಇಪ್ಪತ್ತೆರಡು ಗಂಟೆಗೆ ಕಾಳಿನ ಮೇಲೆ ಬೆಳ್ಳಗೆ, ಸುಕ್ಕುಸುಕ್ಕಾದ ಪೊರೆ. ಚಮಚ ಹಾಕಿ ಎತ್ತಿದೆ. ಮೊಳದುದ್ದ ನೂಲು! ಈ ನೂಲು ಪಾಲಿಗ್ಲುಟಾಮಿಕ್ ಆಮ್ಲ ಮತ್ತು ಲೆವಾನ್ ಎಂಬ ಸಕ್ಕರೆಯ ಸರಪಳಿಯದು. ಹೊರತೆಗೆದು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಘಾಟು ತಗ್ಗಿ ರುಚಿ ಕೂಡುವುದು ಅಲ್ಲೇ. ಕಾಯದೆ ತಿಂದರೆ ನಾಟೊ ಬಗ್ಗೆ ತಪ್ಪು ಅಭಿಪ್ರಾಯ ಬರುತ್ತದೆ.

ಎಸೆಯಬೇಕಾದದ್ದು ಯಾವಾಗ? ಗುಲಾಬಿ, ಕಿತ್ತಳೆ, ಕಪ್ಪು ಬಣ್ಣ ಕಂಡರೆ. ಬೂಸ್ಟು ಎದ್ದಿದ್ದರೆ. ಒಂದು ದಿನ ಕಳೆದರೂ ನೂಲೇ ಬರದೆ ಹುಳಿ ವಾಸನೆ ಬಂದರೆ. ಬರೀ ಅಮೋನಿಯಾ ಕಣ್ಣು ಉರಿಸಿದರೂ ಎಸೆಯಿರಿ, ಅದು ಮಿತಿ ಮೀರಿ ಹೋಗಿದೆ. ಇನ್ನೊಂದು ಮುಖ್ಯ ಮಾತು. ನಾಟೊದಲ್ಲಿ ಕೆ2 ವಿಟಮಿನ್ ಬಹಳ ಇದೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಿನ್ನಬಾರದು. ಮನೆಗೆ ಬಂದವರಿಗೆ ಬಡಿಸುವ ಮುಂಚೆ ಕೇಳಿಬಿಡಿ.

ಅಖುನಿ

ಇದಕ್ಕೆ ಒಂದು ದಿನ ಸಾಲದು. ನಾಟೊ ತೆಗೆದ ಮೇಲೆ ಪೆಟ್ಟಿಗೆಯನ್ನು 35ಕ್ಕೆ ಇಳಿಸಿ ಬಾಳೆಲೆ ಪೊಟ್ಟಣ ಒಳಗೇ ಬಿಟ್ಟೆ. ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಚಳಿಯಲ್ಲಿ ಒಂದು ವಾರ, ಇದು ಅಲ್ಲಿನ ಲೆಕ್ಕ. ನಮ್ಮ ಮೇಲಿನ ಮನೆಯಲ್ಲಿರುವ ಹುಡುಗಿ ಜುನ್ಹೆಬೊಟೊದವರು. ಸುಮಿ ಜನರ ಊರು ಅದು. ಮೂರನೇ ದಿನ ಪೊಟ್ಟಣ ಬಿಚ್ಚಿ ತೋರಿಸಿದೆ. ಬಗ್ಗಿ ಮೂಸಿ, "ಇನ್ನೊಂದು ದಿನ ಬಿಡಿ ಅಣ್ಣ, ಇನ್ನೂ ಹಸಿ ಇದೆ" ಅಂದರು. ನನ್ನ ಮೂಗಿಗೆ ಅದು ಆಗಲೇ ಸಾಕಷ್ಟು ಹಣ್ಣಾಗಿತ್ತು. ಮರುದಿನ ನೋಡಿದರೆ ಅವರು ಹೇಳಿದ್ದು ಅರ್ಥವಾಯಿತು. ಕಾಳಿನ ಹಸಿತನ ಪೂರ್ತಿ ಹೋಗಿ, ಮಾಂಸದ ಸಾರಿನಂಥ ಆಳವಾದ ವಾಸನೆ ಬಂದಿತ್ತು. ಒರಳಿನಲ್ಲಿ ತರಿತರಿಯಾಗಿ ಕುಟ್ಟಿ, ಮತ್ತೆ ಎಲೆಯಲ್ಲಿ ಕಟ್ಟಿ, ಸಣ್ಣ ಕೆಂಡದ ಮೇಲೆ ಹೊಗೆ ಹಿಡಿಸಿದೆ.

ಇದೇ ವಾಸನೆಗಾಗಿ ಎಷ್ಟು ಜನ ಬಾಡಿಗೆ ಮನೆಯಲ್ಲಿ ಮಾತು ಕೇಳಿದ್ದಾರೆ! 2007ರಲ್ಲಿ ದಿಲ್ಲಿ ಪೊಲೀಸರು ಈಶಾನ್ಯ ರಾಜ್ಯಗಳಿಂದ ಬಂದವರಿಗೆ ಅಂತ ಒಂದು ಪುಸ್ತಿಕೆ ತಂದಿದ್ದರು. ಕಳಲೆ, ಅಖುನಿಯಂಥ ವಾಸನೆಯ ಅಡುಗೆಯನ್ನು ನೆರೆಯಲ್ಲಿ ಗಲಾಟೆ ಆಗದಂತೆ ಮಾಡಿಕೊಳ್ಳಿ ಅಂತ ಅದರಲ್ಲಿ ಬುದ್ಧಿ ಹೇಳಿತ್ತು. ಕಳಲೆಯನ್ನು ಕೊಡಗಿನವರು ಬೈಂಬಳೆ ಅಂತ, ಕರಾವಳಿಯವರು ಕಣಿಲೆ ಅಂತ ಮಳೆಗಾಲವಿಡೀ ಕಾದು ತಿನ್ನುತ್ತಾರೆ. ನೆನೆಹಾಕಿದ ಕಳಲೆಯ ನೀರು ಚೆಲ್ಲುವಾಗ ಬರುವ ವಾಸನೆ ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಒಬ್ಬರ ಮನೆಯ ಹಬ್ಬದೂಟ ಇನ್ನೊಬ್ಬರ ದೂರಿನ ಪತ್ರ ಆಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಊಟದ ಬಗ್ಗೆ ನಗಿಸುವ ಬರಹ ನನಗೆ ಪ್ರಾಣ. ಆದರೆ ಮೂಗು ಮುಚ್ಚಿಕೊಂಡು ಬರೆದ ನಗೆಬರಹ ಓದಲಾರೆ. "ಥೂ, ಏನು ನಾತ" ಅಂದಲ್ಲಿಗೆ ಅದು ಮುಗಿದುಹೋಗುತ್ತದೆ. ಬಾಯಿಗೆ ಹೋಗುವುದೇ ಇಲ್ಲ. ನಗು ಇರುವುದು ತಿನ್ನುವುದರಲ್ಲಿ. ನಮ್ಮ ಮನೆಯಲ್ಲಿ ನಾಟೊ ಬಡಿಸಿದ ಮಧ್ಯಾಹ್ನ ಎಲ್ಲರ ಗಲ್ಲದಿಂದ ತಟ್ಟೆಗೆ ನೂಲು ಕಟ್ಟಿತ್ತು. ತುತ್ತು ಎತ್ತಿದ ಕೈಯನ್ನು ಗಾಳಿಯಲ್ಲಿ ಸುತ್ತಿ ನೂಲು ಹರಿಯುವ ವಿದ್ಯೆಯನ್ನು ಮಗಳು ಮೊದಲು ಕಲಿತು, ಅಜ್ಜಿಗೆ ಪಾಠ ಮಾಡಿದಳು. ಅಮ್ಮ ಕೈ ಸುತ್ತಿದ್ದು ಆರತಿ ಎತ್ತಿದ ಹಾಗೇ ಇತ್ತು. ನಗು ತಡೆಯಲಾಗದೆ ಯಾರಿಗೂ ನುಂಗಲು ಆಗಲಿಲ್ಲ.

ತಿನ್ನುವ ರೀತಿ ಹೇಳಿಬಿಡುತ್ತೇನೆ. ನಾಟೊವನ್ನು ಮೊದಲು ಚಾಪ್‌ಸ್ಟಿಕ್ಕಿನಲ್ಲೋ ಫೋರ್ಕಿನಲ್ಲೋ ಚೆನ್ನಾಗಿ ಕಡೆಯಬೇಕು, ನೊರೆ ಬರುವಷ್ಟು. ಆಮೇಲೆ ಸೋಯಾ ಸಾಸ್, ಸಾಸಿವೆ ಪೇಸ್ಟು, ಈರುಳ್ಳಿ ಸೊಪ್ಪು, ಬಿಸಿ ಅನ್ನ. ಜಪಾನಿನಲ್ಲಿ ಬೆಳಗಿನ ಊಟ ಇದು. ನಮ್ಮ ನಾಲಿಗೆಗೆ ಹಸಿಮೆಣಸು, ಹಸಿ ಈರುಳ್ಳಿ, ನಿಂಬೆ ಹಿಂಡಿದರೂ ಚೆನ್ನ. ಒಗ್ಗರಣೆ ಮಾತ್ರ ಬೇಡ, ಬಿಸಿ ಎಣ್ಣೆ ಬಿದ್ದರೆ ನೂಲು ಸತ್ತುಹೋಗುತ್ತದೆ.

ಅಖುನಿಯನ್ನು ಅಲ್ಲಿ ಹಂದಿ ಮಾಂಸದ ಜೊತೆ ಬೇಯಿಸುತ್ತಾರೆ. ಟೊಮೆಟೊ, ಬೆಳ್ಳುಳ್ಳಿ, ನಾಗಾ ಮೆಣಸಿನಕಾಯಿ, ಅಷ್ಟೇ, ಎಣ್ಣೆಯೂ ಬೇಡ. ಮೇಲಿನ ಮನೆಯವರು ಮಾಡಿಕೊಟ್ಟ ಹಂದಿ ಪಲ್ಯ ಎಲ್ಲಕ್ಕಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ನಾವು ಮಾಡಿದ್ದು ಅಖುನಿ ಗೊಜ್ಜು. ಸುಟ್ಟ ಟೊಮೆಟೊ, ಸುಟ್ಟ ಬೆಳ್ಳುಳ್ಳಿ, ಬ್ಯಾಡಗಿ ಜೊತೆ ನಾಲ್ಕು ಗುಂಟೂರು, ಒಂದು ನಿಂಬೆಹಣ್ಣಿನ ಗಾತ್ರದ ಅಖುನಿ, ಹತ್ತು ನಿಮಿಷ ಕುದಿ. ಇದನ್ನು ಬಿಸಿ ರಾಗಿಮುದ್ದೆಗೆ ಹಾಕಿಕೊಂಡೆವು. ಮುದ್ದೆಗೆ ತನ್ನದೇ ಜೋರಾದ ರುಚಿ ಇಲ್ಲ, ಅದಕ್ಕೆ ಬೇಕಾದದ್ದು ಇಂಥ ಗಟ್ಟಿ ಸಾರೇ. ಮೇಲಿನ ಮನೆಯವರು ಮುದ್ದೆಯನ್ನು ಅಗಿಯದೆ ನುಂಗಲು ಅಮ್ಮನಿಂದ ಕಲಿತರು. ನಾವೂ ಅವರಿಂದ ಇನ್ನೊಂದು ಪೊಟ್ಟಣ ಹೇಗೆ ಕಟ್ಟಬೇಕು ಅಂತ ಕಲಿತೆವು. ಬಾಳೆಲೆಯನ್ನು ಎರಡು ಪದರ ಹಾಕಿ, ಮೇಲಿನ ಪದರದ ನಾರು ಕೆಳಗಿನದಕ್ಕೆ ಅಡ್ಡ ಬರಬೇಕು. ಆಗ ಹರಿಯುವುದಿಲ್ಲ.

ಸಂಕ್ರಾಂತಿ ಸೀಸನ್ನಿನಲ್ಲಿ ಹಿತಕಿದ ಅವರೆಬೇಳೆಗೂ ಇದೇ ಹೆಪ್ಪು ಹಾಕಿ ನೋಡಿದೆ. ಚೆನ್ನಾಗಿ ಬೇಯಿಸಿಯೇ ಹಾಕಬೇಕು. ನೂಲು ಕಡಿಮೆ, ಸಿಹಿ ಜಾಸ್ತಿ, ಸೊಗಡಿನ ವಾಸನೆ ಅರ್ಧ ಉಳಿದಿತ್ತು. ಬೇಳೆ ಮೆತ್ತಗಾಗಿ ಒಡೆದು ಗಾಳಿ ಆಡದ ಕಡೆ ಹೆಪ್ಪು ಹಿಡಿಯಲಿಲ್ಲ. ಸಿಪ್ಪೆ ಸಮೇತ ಎಳೆ ಕಾಳು ಇದಕ್ಕಿಂತ ಒಳ್ಳೆಯದಾಗಬಹುದು ಅನಿಸುತ್ತದೆ. ಮುಂದಿನ ಸೀಸನ್ನಿಗೆ ಅದೇ.

ಪೆಟ್ಟಿಗೆಯಲ್ಲಿ ಒಂದು ಕೆಲಸ ಬಾಕಿ ಇದೆ. ಜಾವಾದ ಟೆಂಪೆ ಮಾಡುವ ಆಸೆ. ಅದು ಬ್ಯಾಕ್ಟೀರಿಯಾ ಅಲ್ಲ, ರೈಜೋಪಸ್ ಎಂಬ ಬೂಸ್ಟು. ಅದಕ್ಕೆ 30ರಿಂದ 32 ಡಿಗ್ರಿ ಸಾಕು. ಆದರೆ ಅರ್ಧ ದಾರಿಯಲ್ಲಿ ಅದು ಕೂಡ ತಾನೇ ಜೋರಾಗಿ ಬಿಸಿಯಾಗುತ್ತದೆ, ಮುಚ್ಚಳ ಸರಿಸಿದರೆ ಸಾಲದು. 7 ಮತ್ತು 8ನೇ ಸ್ಕ್ರೂ ಖಾಲಿ ಇವೆಯಲ್ಲ, ಅಲ್ಲಿಗೆ ಹೊರಗಾಳಿ ಎಳೆಯುವ ಇನ್ನೊಂದು ಫ್ಯಾನಿನ ವೈರ್ ಕೊಡಬೇಕು. ಪೆಟ್ಟಿಗೆಯ ಪಕ್ಕದ ಗೋಡೆಗೆ ತೂತು ಕೊರೆದಾಗಿದೆ, ಒಳಗೆ ನೊಣ ಹೋಗದಂತೆ ಸೊಳ್ಳೆ ಪರದೆಯ ತುಂಡು ಅಂಟಿಸುವುದು ಉಳಿದಿದೆ.